ಒಂದೇ ಇಂಟು ಗುರುತು, ನಾಲ್ಕು ಮಾತು: ಕಾಸರಗೋಡಿನ ಮನೆಯೊಂದರ ಚಿತ್ರಫಲಕದ ಓದು

(ಗಡಿನಾಡ ಕನ್ನಡವನ್ನು ಕುರಿತ ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಪ್ರಬಂಧದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ. ಕೊನೆಯಲ್ಲಿ ಸಂವಾದದ ಆಯ್ದ ಭಾಗ ಇದೆ.)

ಧ್ವನಿ ಕೇಳ್ತಾ ಉಂಟಲ್ಲ? ಇಲ್ಲಿ ಕರೆಂಟ್ ಹೋಗಿದೆ. ಮೊಬೈಲಿನಿಂದಲೇ ಮಾತಾಡ್ತಾ ಇದ್ದೇನೆ, ನಡುವೆ ಕಡಿದುಹೋದರೆ ಕ್ಷಮಿಸಿ.

ನನಗಿಂತ ಮೊದಲು ಮಾತಾಡಿದವರು ಗಡಿನಾಡಿನ ಕತೆ, ಕಾವ್ಯ, ಯಕ್ಷಗಾನ ಪ್ರಸಂಗಗಳನ್ನು ಓದಿದರು. ನಾನು ಓದಲು ಹೊರಟ ಪಠ್ಯ ಒಂದು ಪ್ಲಾಸ್ಟಿಕ್ ಫೈಲು. ಅದರೊಳಗೆ ವೆಲ್ಕ್ರೊ ಅಂಟಿಸಿದ, ಲ್ಯಾಮಿನೇಟ್ ಮಾಡಿದ ನಲವತ್ತು ಚಿತ್ರಗಳಿವೆ. ನನ್ನ ಅಕ್ಕನ ಮಗನಿಗೆ ಈಗ ನಾಲ್ಕೂವರೆ ವರ್ಷ. ಅವನಿಗೆ ಮಾತು ತಡವಾಗಿದೆ. ಕಿವಿ ಸರಿ ಉಂಟು, ಹೇಳಿದ್ದು ಹೆಚ್ಚಿನದೂ ಅರ್ಥ ಆಗ್ತದೆ, ಬಾಯಲ್ಲಿ ಮಾತ್ರ ಐದಾರು ಸದ್ದುಗಳಿಂದಾಚೆ ಬಂದಿಲ್ಲ. ವಾಕ್ ಚಿಕಿತ್ಸೆಗೆ ಕರೆದುಕೊಂಡು ಹೋಗುವ ಒಂದು ಕೇಂದ್ರದಲ್ಲಿ ಈ ಫೈಲನ್ನು ಕೊಟ್ಟರು. ಬೇಕಾದ ವಸ್ತುವಿನ ಚಿತ್ರವನ್ನು ಮಗು ಕಿತ್ತು ಎದುರಿನವರ ಕೈಗೆ ಕೊಡಬೇಕು, ಕೊಟ್ಟ ಕೂಡಲೇ ವಸ್ತು ಸಿಗಬೇಕು. ಕ್ರಮ ಅಷ್ಟೆ.

ಅಕ್ಕನ ಮನೆ ಎಣ್ಮಕಜೆಯ ಕಡೆ. ಮಾತು ಬಾರದ ಮಗು ಅಂದರೆ ಆ ಭಾಗದಲ್ಲಿ ಮೊದಲು ಬರುವ ಪ್ರಶ್ನೆ, 'ಎಂಡೋಸಲ್ಫಾನಾ?' ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸುವುದು ನಿಂತದ್ದು 2000ದ ಹೊತ್ತಿಗೆ, ದೇಶದಲ್ಲಿ ಅದಕ್ಕೆ ಸುಪ್ರೀಂ ಕೋರ್ಟಿನ ತಡೆ ಬಂದದ್ದು 2011ರಲ್ಲಿ. ನಮ್ಮ ಮಾಣಿ ಹುಟ್ಟಿದ್ದು ಅದೆಲ್ಲ ಆಗಿ ಎಷ್ಟೋ ವರ್ಷದ ಮೇಲೆ. ಡಾಕ್ಟರರು ಇಂಥದೇ ಕಾರಣ ಅಂತ ಹೇಳಿಲ್ಲ. ಈ ವಿಷಯವನ್ನು ಇಲ್ಲಿ ಎತ್ತಿದ್ದಕ್ಕೆ ಒಂದು ಉದ್ದೇಶ ಉಂಟು. 'ಯಾಕೆ ಮಾತು ಬರಲಿಲ್ಲ' ಎಂಬ ಪ್ರಶ್ನೆಯನ್ನು ಊರು ಎಷ್ಟು ಗಟ್ಟಿಯಾಗಿ ಕೇಳ್ತದೆ ಅಂದರೆ, 'ಅವನು ಏನು ಹೇಳ್ತಾ ಇದ್ದಾನೆ' ಅಂತ ಕೇಳಲು ಯಾರಿಗೂ ಪುರುಸೊತ್ತಾಗುವುದಿಲ್ಲ. ನನ್ನ ಪ್ರಬಂಧ ಎರಡನೆಯ ಪ್ರಶ್ನೆಯದ್ದು.

ನಾನು ವಾಕ್ ತಜ್ಞೆ ಅಲ್ಲ, ಕನ್ನಡ ಎಂ.ಎ. ವಿದ್ಯಾರ್ಥಿನಿ. ಆದರೆ ಈ ಫಲಕವನ್ನು ಯಾರೋ ಸಂಪಾದಿಸಿದ್ದಾರೆ, ಯಾರೋ ಅನುವಾದಿಸಿದ್ದಾರೆ. ಸಂಪಾದನೆ ಮತ್ತು ಅನುವಾದ ಇರುವಲ್ಲಿ ವಿಮರ್ಶೆಗೂ ಜಾಗ ಇದೆ ಎಂಬುದು ನನ್ನ ನಂಬಿಕೆ.

1. ಪಿಜ್ಜಾ ಮತ್ತು ತೆಳ್ಳವು

ಫೈಲನ್ನು ಮೊದಲು ನೋಡಿದಾಗ ನನಗೆ ಸಿಟ್ಟು ಬಂತು. ಊಟದ ಪುಟದಲ್ಲಿ ಬ್ರೆಡ್ಡು, ಪಿಜ್ಜಾ ತುಂಡು, ಬಟ್ಟಲಲ್ಲಿ ಹಾಲು ಹಾಕಿದ ಸೀರಿಯಲ್. ಮನೆಯ ಪುಟದಲ್ಲಿ ಷವರ್, ಕಮೋಡು, ಸೋಫಾ. ಗಂಜಿ ಇಲ್ಲ, ಹಲಸಿನ ಹಣ್ಣು ಇಲ್ಲ, ಹಟ್ಟಿ ಇಲ್ಲ, ಬಚ್ಚಲ ಹಂಡೆ ಇಲ್ಲ. 'ನೋಡಿ, ಪರಕೀಯ ಸಂಸ್ಕೃತಿಯ ಹೇರಿಕೆ' ಅಂತ ಪ್ರಬಂಧದ ಮೊದಲ ವಾಕ್ಯವನ್ನು ಮನಸ್ಸಲ್ಲೇ ಬರೆದುಕೊಂಡೆ.

ಆ ವಾಕ್ಯವನ್ನು ಹೊಡೆದುಹಾಕಿದವನು ಮಾಣಿಯೇ. ಎರಡನೆಯ ವಾರದಲ್ಲಿ ಅವನು ಪಿಜ್ಜಾ ಚಿತ್ರವನ್ನು ತೆಳ್ಳವಿಗೆ ಬಳಸತೊಡಗಿದ. (ತೆಳ್ಳವು ಅಂದರೆ ನಮ್ಮ ಹವ್ಯಕ ಮನೆಗಳ ತೆಳು ದೋಸೆ.) ಆ ಮನೆಯಲ್ಲಿ ಪಿಜ್ಜಾ ತಿಂದವರೇ ಇಲ್ಲ. ಬೆಳಿಗ್ಗೆ ಕಾವಲಿಯ ಸದ್ದು ಕೇಳಿದ ಕೂಡಲೇ ಆ ಕಾರ್ಡು ಹಿಡಿದುಕೊಂಡು ಒಲೆಯ ಹತ್ತಿರ ಬರ್ತಾನೆ. ಅಜ್ಜಿ ಕಾರ್ಡು ತೆಗೆದುಕೊಂಡು ತೆಳ್ಳವು ಕೊಡ್ತಾರೆ. ಅಲ್ಲಿಗೆ ಆ ಚಿತ್ರದ ಅರ್ಥ ತೆಳ್ಳವು ಎಂದಾಯಿತು.

ಚಿತ್ರ ತನ್ನಷ್ಟಕ್ಕೆ ಅರ್ಥ ಕೊಡ್ತದೆ ಅಂತ ನಾವು ತಿಳಿದಿರ್ತೇವೆ. ಹಾಗಿಲ್ಲ. ಪದದ ಹಾಗೆ ಚಿತ್ರಕ್ಕೂ ಅರ್ಥ ಬರುವುದು ಬಳಕೆಯಿಂದ, ಇಬ್ಬರ ನಡುವಿನ ಒಪ್ಪಂದದಿಂದ. ನಾಮಪದಗಳನ್ನು ಮಗು ತಾನೇ ತಿದ್ದಿಕೊಳ್ಳಬಲ್ಲದು. ಫಲಕವನ್ನು ಟೀಕಿಸುವವರು ಸಾಮಾನ್ಯವಾಗಿ ನಿಲ್ಲುವುದು ಈ ಪಿಜ್ಜಾದಲ್ಲಿ. ಆದರೆ ಮಗುವಿಗೆ ತಾನಾಗಿ ತಿದ್ದಿಕೊಳ್ಳಲು ಆಗದ ಭಾಗ ಬೇರೆ ಉಂಟು. ಅದು ವ್ಯಾಕರಣದ ಭಾಗ.

2. 'ನಾನು ಬಯಸುತ್ತೇನೆ'

ಈ ಕಾರ್ಡು ಕೊಡುವ ಪದ್ಧತಿಗೆ ಪೆಕ್ಸ್ ಅಂತ ಹೆಸರು. ಆಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ ಎಂಬವರು 1985ರಲ್ಲಿ ಅಮೆರಿಕದಲ್ಲಿ ರೂಪಿಸಿದ್ದು. ಅದರಲ್ಲಿ ಆರು ಹಂತಗಳಿವೆ. ನಾಲ್ಕನೆಯ ಹಂತದಲ್ಲಿ ವಾಕ್ಯ ಬರ್ತದೆ. ಒಂದು ಉದ್ದ ಪಟ್ಟಿಯ ಎಡತುದಿಯಲ್ಲಿ 'ಐ ವಾಂಟ್' ಎಂಬ ಕಾರ್ಡು, ಅದರ ಬಲಕ್ಕೆ ವಸ್ತುವಿನ ಕಾರ್ಡು. ನಮಗೆ ಸಿಕ್ಕಿದ ಫೈಲಿನಲ್ಲಿ ಎದೆಯ ಮೇಲೆ ಕೈಯಿಟ್ಟ ಹುಡುಗನ ಚಿತ್ರ, ಅದರ ಅಡಿಯಲ್ಲಿ ಕನ್ನಡದಲ್ಲಿ 'ನಾನು ಬಯಸುತ್ತೇನೆ' ಅಂತ ಅಚ್ಚಾಗಿತ್ತು.

'ನಾನು ಬಯಸುತ್ತೇನೆ, ನೀರು.' ಇದು ಯಾರ ಬಾಯಿಯ ಮಾತು? ಯಾವ ಕನ್ನಡದ ಮಗುವೂ, ಯಾವ ಕನ್ನಡದ ಮುದುಕರೂ ಬಾಯಾರಿದಾಗ ಹೀಗೆ ಹೇಳುವುದಿಲ್ಲ. ಅರ್ಜಿಯಲ್ಲಿ ಬರೀಬಹುದು, ಭಾಷಣದಲ್ಲಿ ಹೇಳಬಹುದು. ಮನೆಯಲ್ಲಿ ನಾವು ಹೇಳುವುದು 'ನೀರು ಬೇಕು' ಅಂತ. ಇಲ್ಲಿ ಮೂರು ವಿಷಯ ಗಮನಿಸಬೇಕು. ಒಂದು, ಬೇಕು ಎಂಬುದು ಕೊನೆಗೆ ಬರ್ತದೆ. ಎರಡು, 'ನಾನು' ಬೇಕಾಗಿಯೇ ಇಲ್ಲ. ಮೂರು, ಬೇಕೆನ್ನುವವನನ್ನು ಹೇಳಲೇಬೇಕು ಅಂತಾದರೆ ಅವನು 'ನನಗೆ' ಆಗಿ ಬರ್ತಾನೆ. ಇಂಗ್ಲಿಷಿನಲ್ಲಿ ಬಯಸುವವನು ಕರ್ತೃ, ಬಯಸುವುದು ಅವನು ಮಾಡುವ ಕೆಲಸ. ಕನ್ನಡದಲ್ಲಿ ಬೇಕು ಎಂಬುದು ನಾನು ಮಾಡುವ ಕೆಲಸವಲ್ಲ, ಹಸಿವಿನ ಹಾಗೆ, ಚಳಿಯ ಹಾಗೆ ನನಗೆ ಆಗುವಂಥದ್ದು.

ಬೇರೆ ಭಾಷೆಯ ಅಚ್ಚಿನಲ್ಲಿ ಕನ್ನಡ ವ್ಯಾಕರಣವನ್ನು ಎರಕ ಹೊಯ್ಯಬಾರದು ಎಂಬುದು ಡಿ.ಎನ್. ಶಂಕರ ಭಟ್ಟರ ಬಹುಕಾಲದ ವಾದ. ಅವರು ಸಂಸ್ಕೃತದ ಅಚ್ಚನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದ್ದನ್ನು ನಾವು ತರಗತಿಯಲ್ಲಿ ಪರ ವಿರೋಧ ಅಂತ ಚರ್ಚೆ ಮಾಡ್ತೇವೆ, ಪರೀಕ್ಷೆಯಲ್ಲಿ ಬರೀತೇವೆ. ಅದೇ ವಾದ ವೆಲ್ಕ್ರೊ ಪಟ್ಟಿಯ ಮೇಲೆ ಎದುರಾದೀತು ಅಂತ ನಾನು ಎಣಿಸಿರಲಿಲ್ಲ. ಮಗುವಿನ ಕಿವಿಗೆ ದಿನವಿಡೀ ಬೀಳುವ ವಾಕ್ಯ ಒಂದು ಕ್ರಮದ್ದು, ಅವನ ಕೈಗೆ ಕೊಟ್ಟ ವಾಕ್ಯ ಇನ್ನೊಂದು ಕ್ರಮದ್ದು. ಮಾತು ಸುಲಭವಾಗಿ ಬರುವ ಮಗುವಾದರೆ ಎರಡನ್ನೂ ಸಂಭಾಳಿಸೀತು. ಇವನಿಗೆ ಇರುವ ಕಷ್ಟದ ಮೇಲೆ ಇನ್ನೊಂದು ಕಷ್ಟವನ್ನು ನಾವೇ ಹೊರಿಸಿದ ಹಾಗಾಯಿತು.

ಪದ್ಧತಿಯನ್ನೇ ದೂರುವುದು ನನ್ನ ಉದ್ದೇಶ ಅಲ್ಲ. ಅಡಿಬರಹವನ್ನು ಗಡಿಬಿಡಿಯಲ್ಲಿ ಅನುವಾದಿಸಿದವರದ್ದೂ, ಅದನ್ನು ಓದಿ ನೋಡದೆ ತಂದು ಅಂಟಿಸಿದ ನಮ್ಮದೂ ತಪ್ಪು ಇದೆ. ಅಕ್ಕ ಕೊನೆಗೆ ಆ ಹುಡುಗನ ಚಿತ್ರದ ಮೇಲೆ 'ಬೇಕು' ಅಂತ ಬರೆದ ಸ್ಟಿಕ್ಕರ್ ಅಂಟಿಸಿ, ಅದನ್ನು ಪಟ್ಟಿಯ ಬಲತುದಿಗೆ ತಂದಳು. ನೀರು, ಬೇಕು. ಎರಡು ಕಾರ್ಡು, ಒಂದು ಪೂರ್ಣ ಕನ್ನಡ ವಾಕ್ಯ.

3. ಅಪ್ಪ ಮತ್ತು ಇಂಟು ಗುರುತು

ಫೈಲಿನಲ್ಲಿ ಇನ್ನೊಂದು ಕಾರ್ಡು ಇತ್ತು. ಕೆಂಪು ಬಣ್ಣದ ದೊಡ್ಡ ಇಂಟು ಗುರುತು. ಅದರಡಿ ಇಂಗ್ಲಿಷಿನಲ್ಲಿ 'ನೋ', ಮಲಯಾಳದಲ್ಲಿ 'ವೇಂಡ' ಅಂತ ಇತ್ತು. ಅಕ್ಕ ಅದರ ಕೆಳಗೆ ಕನ್ನಡದಲ್ಲಿ 'ಬೇಡ' ಅಂತ ಬರೆದಳು.

ಭಾವ ಕೆಲಸ ಮಾಡುವುದು ಮಂಗಳೂರಿನಲ್ಲಿ, ಮನೆಗೆ ಬರುವುದು ಶನಿವಾರ ರಾತ್ರಿ. ಅವರ ಪಾಸ್‌ಪೋರ್ಟ್ ಅಳತೆಯ ಫೋಟೋ ಕೂಡ ಒಂದು ಕಾರ್ಡು. ಒಂದು ಮಂಗಳವಾರ ಸಾಯಂಕಾಲ ಮಾಣಿ ಅಪ್ಪನ ಫೋಟೋವನ್ನೂ ಇಂಟು ಗುರುತನ್ನೂ ಒಟ್ಟಿಗೆ ತಂದು ಅಕ್ಕನ ಕೈಯಲ್ಲಿಟ್ಟ. ಮಾರನೆಯ ದಿನವೂ ತಂದ. ಅಕ್ಕ ಫೋನಿನಲ್ಲಿ ಅರ್ಧ ತಮಾಷೆಯಲ್ಲಿ ಭಾವನಿಗೆ ಹೇಳಿದಳು. ಅವರು ಅದನ್ನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. ಮುಂದಿನ ವಾರಗಳಲ್ಲಿ ಮನೆಗೆ ಬಂದವರು ಮಾಣಿಯ ಹತ್ತಿರ ಹೋಗಲಿಕ್ಕೇ ಹಿಂಜರೀತಿದ್ದರು. 'ಅವಂಗೆ ಆನು ಬೇಡ ಅಡ' ಅಂತ ನನ್ನ ಹತ್ತಿರ ಒಮ್ಮೆ ಹೇಳಿದರು. 'ಅವನಿಗೆ ನಾನು ಬೇಡವಂತೆ' ಅಂತ. ಹವ್ಯಕ ನುಡಿಯ ಆ 'ಅಡ' ನೋಡಿ. ಬೇರೆಯವರ ಬಾಯಿಂದ ಕೇಳಿದ್ದು ಎಂಬ ಗುರುತು ಅದು. ಮಗ ಒಂದು ಮಾತೂ ಆಡಿರಲಿಲ್ಲ, ಆದರೂ ಅವನ ಮಾತು ಅಂತ ಒಂದು ವರದಿ ಮನೆಯಲ್ಲಿ ತಿರುಗಾಡ್ತಿತ್ತು.

ಅಕ್ಕನಿಗೆ ಒಂದು ಪುಸ್ತಕದಲ್ಲಿ ಬರೆದಿಡಲು ಹೇಳಿದೆ. ಯಾವ ದಿನ, ಯಾವ ಹೊತ್ತು, ಯಾವ ಕಾರ್ಡಿನ ಜೊತೆ ಇಂಟು ಗುರುತು ಬಂತು, ಆಗ ಎದುರಿಗೆ ಏನಿತ್ತು. ಮೂರು ವಾರದ ಬರಹವನ್ನು ನಾನು ನಮ್ಮ ವಿಭಾಗದಲ್ಲಿ ಪದಪ್ರಯೋಗ ಕೋಶ ಮಾಡುವ ಹಾಗೆ ವಿಂಗಡಿಸಿದೆ. ಒಂದೇ ಪದದ ಎಲ್ಲ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ಅರ್ಥ ತೆಗೆಯುವುದು ನಮಗೆ ಕಲಿಸಿದ ಕೆಲಸವೇ ತಾನೆ?

ಹಾಲು ಮತ್ತು ಇಂಟು: ಲೋಟ ತುಂಬ ಹಾಲು ಎದುರಿಗಿತ್ತು, ಅವನು ಲೋಟವನ್ನು ದೂಡಿದ. ಇದು ಬೇಡ.

ತೆಳ್ಳವು ಮತ್ತು ಇಂಟು: ಮೂರನೆಯದು ತಿಂದಾಗಿತ್ತು, ಅಜ್ಜಿ ನಾಲ್ಕನೆಯದನ್ನು ಹಾಕಲು ಬಂದರು. ಇದು ಸಾಕು. ತೆಳ್ಳವು ಅವನಿಗೆ ಬೇಡವಾದದ್ದಲ್ಲ, ಮರುದಿನ ಬೆಳಿಗ್ಗೆ ಮತ್ತೆ ಕಾರ್ಡು ಹಿಡಿದುಕೊಂಡು ಬಂದಿದ್ದಾನೆ.

ನಾಯಿ ಮತ್ತು ಇಂಟು: ಅಂಗಳದಲ್ಲಿದ್ದ ಬೆಕ್ಕನ್ನು ತೋರಿಸ್ತಾ ಅಜ್ಜಿ ತಪ್ಪಿ ನಾಯಿಯ ಕಾರ್ಡು ಮುಟ್ಟಿದ್ದರು. ಇದು ಅಲ್ಲ.

ದನ ಮತ್ತು ಇಂಟು: ಮಧ್ಯಾಹ್ನ, ದನ ಮೇಯಲು ಹೋಗಿ ಹಟ್ಟಿ ಖಾಲಿ ಇತ್ತು. ಚೆಂಡು ಮತ್ತು ಇಂಟು: ಚೆಂಡು ತೋಡಿಗೆ ಬಿದ್ದು ಹೋಗಿತ್ತು. ಇದು ಇಲ್ಲ.

ಅಪ್ಪ ಮತ್ತು ಇಂಟು: ಎಲ್ಲವೂ ಸೋಮವಾರದಿಂದ ಶನಿವಾರದ ಹಗಲಿನೊಳಗೆ. ಭಾವ ಮನೆಯಲ್ಲಿದ್ದ ಭಾನುವಾರ ಒಂದು ಸಲವೂ ಇಲ್ಲ.

ಪುಸ್ತಕ ನೋಡ್ತಾ ನೋಡ್ತಾ ಅಕ್ಕ ಹೇಳಿದಳು, 'ಅಪ್ಪ ಬೇಡ ಹೇಳಿ ಅಲ್ಲ, ಅಪ್ಪ ಇಲ್ಲೆ ಹೇಳಿ.' ಅಪ್ಪ ಬೇಡ ಅಂತ ಅಲ್ಲ, ಅಪ್ಪ ಇಲ್ಲ ಅಂತ. ಅವನು ಅಪ್ಪನನ್ನು ಹುಡುಕ್ತಾ ಇದ್ದ.

ಮಗುವಿನ ಮನಸ್ಸಿನಲ್ಲಿ ನಾಲ್ಕು ಅರ್ಥಗಳು ಬೇರೆಬೇರೆಯಾಗಿಯೇ ಇದ್ದವು. ಕಾರ್ಡು ಮಾತ್ರ ಒಂದೇ ಇತ್ತು. ಇಂಗ್ಲಿಷಿನ 'ನೋ' ಈ ನಾಲ್ಕು ಸಂದರ್ಭಗಳಲ್ಲೂ ಒಂದು ಉತ್ತರವಾಗಿ ಹೇಗೋ ನಡೀತದೆ. ಅದನ್ನು 'ಬೇಡ' ಅಂತ ಅನುವಾದಿಸಿದ ಕೂಡಲೇ ಉಳಿದ ಮೂರು ಅರ್ಥಗಳ ಬಾಗಿಲು ಮುಚ್ಚಿತು. ಅನುವಾದದಲ್ಲಿ ಅರ್ಥ ಸೋರಿಹೋಗ್ತದೆ ಅಂತ ನಾವು ಕಾವ್ಯದ ಬಗ್ಗೆ ಹೇಳ್ತೇವೆ. ಅಲ್ಲಿ ಸೋರಿದರೆ ರಸ ಕಡಿಮೆಯಾದೀತು. ಇಲ್ಲಿ ಒಬ್ಬ ಅಪ್ಪ ಒಂದು ತಿಂಗಳು ಮಗನನ್ನು ಎತ್ತಿಕೊಳ್ಳಲು ಹೆದರಿದ.

4. ಬಾಳೆಗೆ ಅಡ್ಡ ಹಿಡಿದ ಕೈ

ಇಂಟು ಗುರುತನ್ನು ತೆಗೆದು ನಾಲ್ಕು ಕಾರ್ಡು ಮಾಡುವುದು ಅಂತಾಯಿತು. ಆದರೆ ಏನು ಬರೆಯುವುದು? ಮರಕ್ಕೆ ಚಿತ್ರ ಉಂಟು, ನಾಯಿಗೆ ಉಂಟು. 'ಸಾಕು' ಎಂಬುದಕ್ಕೆ ಚಿತ್ರ ಯಾವುದು?

ದಾರಿ ತೋರಿಸಿದ್ದು ಅಜ್ಜಿ, ಅಂದರೆ ಅಕ್ಕನ ಅತ್ತೆ. 'ಬಾಳೆಗೆ ಕೈ ಅಡ್ಡ ಹಿಡುದರೆ ಸಾಕು ಹೇಳಿ ಅರ್ಥ ಅಲ್ದಾ?' ಹೌದಲ್ಲ. ಪಂಕ್ತಿಯಲ್ಲಿ ಕೂತು ಉಂಡವರಿಗೆಲ್ಲ ಗೊತ್ತು. ಬಡಿಸುವವರು ಬಂದಾಗ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರೆ ಬಾಯಿ ತೆರೆಯುವ ಅಗತ್ಯ ಇಲ್ಲ. ಮಾಣಿಯೂ ಅದನ್ನು ಎಷ್ಟೋ ಊಟದ ಮನೆಗಳಲ್ಲಿ ನೋಡಿದ್ದಾನೆ. ಹಾಗಾಗಿ ಸಾಕು ಅಂದರೆ ಬಾಳೆಲೆಯ ಮೇಲೆ ಎರಡು ಕೈ. ಬೇಡ ಅಂದರೆ ಲೋಟವನ್ನು ದೂಡುವ ಕೈ. ಇಲ್ಲ ಅಂದರೆ ಖಾಲಿ ಬುಟ್ಟಿ. ಅಲ್ಲ ಅಂದರೆ ಆಚೀಚೆ ಆಡುವ ಒಂದು ಕೈ. ಸ್ಕೆಚ್ ಪೆನ್ನಿನಲ್ಲಿ ನಾನೇ ಬರೆದದ್ದು, ಚಿತ್ರ ಚೆಂದ ಇಲ್ಲ.

ಫಲಿತಾಂಶವನ್ನು ಹೆಚ್ಚಿಸಿ ಹೇಳುವುದಿಲ್ಲ. ಸಾಕು ಎರಡೇ ದಿನದಲ್ಲಿ ಹಿಡಿಯಿತು. ಬೇಡ ಕೂಡ ಬೇಗ ಬಂತು. ಇಲ್ಲ ಎಂಬುದಕ್ಕೆ ಎರಡು ವಾರಕ್ಕಿಂತ ಹೆಚ್ಚು ಬೇಕಾಯಿತು. ಅಲ್ಲ ಮಾತ್ರ ಇವತ್ತಿಗೂ ಸೋತ ಕಾರ್ಡು. ಅದನ್ನವನು ಮುಟ್ಟುವುದಿಲ್ಲ, ತಲೆ ಆಡಿಸಿ ಮುಗಿಸ್ತಾನೆ. ತಲೆ ಆಡಿಸುವುದೂ ಭಾಷೆಯೇ ಆದ್ದರಿಂದ ನಾವು ಒತ್ತಾಯ ಮಾಡಿಲ್ಲ.

ಅಪ್ಪ ಮತ್ತು ಖಾಲಿ ಬುಟ್ಟಿ ಒಟ್ಟಿಗೆ ಬಂದ ದಿನ ಅಕ್ಕ ಅದರ ಫೋಟೋ ತೆಗೆದು ಭಾವನಿಗೆ ವಾಟ್ಸಾಪ್ ಮಾಡಿದಳು. ಅವರು ಏನೂ ಉತ್ತರ ಬರೆಯಲಿಲ್ಲ. ಆ ಶನಿವಾರ ಬಂದವರು ಚೀಲ ಇಡುವ ಮೊದಲೇ ಮಾಣಿಯನ್ನು ಎತ್ತಿಕೊಂಡರಂತೆ.

5. ಅಡಿಬರಹ ಯಾರಿಗೆ?

ಈಗ ಗಡಿಯ ವಿಷಯಕ್ಕೆ ಬರ್ತೇನೆ. 1956ರ ನವೆಂಬರ್ 1ರಿಂದ ನಾವು ಕೇರಳದವರು. ಬಸ್ಸಿನ ಬೋರ್ಡು, ಆಫೀಸಿನ ಬೋರ್ಡು, ಅರ್ಜಿ ನಮೂನೆ ಕನ್ನಡದಲ್ಲಿ ಇರಬೇಕು ಅಂತ ನಮ್ಮ ಹಿರಿಯರು ಎಷ್ಟು ಹೋರಾಡಿದ್ದಾರೆ ಅಂತ ಇಲ್ಲಿರುವ ಎಲ್ಲರಿಗೂ ಗೊತ್ತು. 2017ರಲ್ಲಿ ಮಲಯಾಳ ಕಲಿಕೆ ಕಡ್ಡಾಯ ಎಂಬ ಕಾನೂನು ಬಂದಾಗ ನಡೆದ ಪ್ರತಿಭಟನೆ ನನ್ನ ನೆನಪಿನಲ್ಲೇ ಉಂಟು. ಹಾಗಾಗಿ ಇಂಟು ಗುರುತಿನಡಿ 'ವೇಂಡ' ಕಂಡಾಗ ನಮ್ಮ ಮನೆಯವರಿಗೆ ಮೊದಲು ಅನಿಸಿದ್ದು, 'ಇಲ್ಲಿಗೂ ಬಂತಾ' ಅಂತ.

ಆದರೆ ಅಡಿಬರಹ ಯಾರಿಗೆ? ಮಾಣಿಗೆ ಓದಲು ಬರುವುದಿಲ್ಲ. ಅವನಿಗೆ ಲಿಪಿ ಯಾವುದಾದರೂ ಒಂದೇ. ಅಡಿಬರಹ ಇರುವುದು ದೊಡ್ಡವರಿಗೆ. ಚಿತ್ರ ಮುಟ್ಟುವಾಗ ಜೊತೆಗೆ ಯಾವ ಮಾತು ಹೇಳಬೇಕು ಅಂತ ನಮಗೆ ಅದು ಹೇಳಿಕೊಡ್ತದೆ. ನಾವು ಮಾತಾಡುವಾಗ ನಾವೂ ಚಿತ್ರ ಮುಟ್ಟಿ ತೋರಿಸಬೇಕು, ಮಗು ಹಾಗೆಯೇ ಕಲಿಯುವುದು. ಅಂದ ಮೇಲೆ ಅಡಿಬರಹದ ಭಾಷೆಯೇ ಮಗುವಿನ ಕಿವಿಗೆ ಬೀಳುವ ಭಾಷೆ. ಅದು ಸಣ್ಣ ವಿಷಯ ಅಲ್ಲ.

ಇದು ನಮಗೆ ಗೊತ್ತಾದದ್ದು ಒಂದು ನೋವಿನ ಮೂಲಕ. ಮೊದಲು ತೋರಿಸಿದ ಒಂದು ಕಡೆ, 'ಮನೆಯಲ್ಲಿ ಇಷ್ಟು ಭಾಷೆ ಇದ್ದರೆ ಮಗುವಿಗೆ ಗೊಂದಲ, ಒಂದೇ ಭಾಷೆ ಮಾತಾಡಿ' ಅಂದರು. ಮನೆಯ ಮಾತು ಹವ್ಯಕ, ಅಂಗನವಾಡಿಯದ್ದು ಪುಸ್ತಕದ ಕನ್ನಡ, ತೋಟದ ಕೆಲಸಕ್ಕೆ ಬರುವ ಅಕ್ಕನದ್ದು ತುಳು, ಚಿಕಿತ್ಸೆಯದ್ದು ಮಲಯಾಳ. ಯಾವುದನ್ನು ಬಿಡುವುದು? ಅಜ್ಜಿ ತಾನಾಗಿ ಬಿಟ್ಟರು. 'ಎನ್ನ ಮಾತಿಂದ ಮಾಣಿಗೆ ತೊಂದರೆ ಆವುತ್ತರೆ ಆನು ಮಾತಾಡ್ತಿಲ್ಲೆ.' ಎರಡು ತಿಂಗಳು ಅವರು ಮೊಮ್ಮಗನ ಹತ್ತಿರ ಬಾಯಿ ಬಿಡಲಿಲ್ಲ. ಹಗಲಿಡೀ ಅವನ ಜೊತೆ ಇರುವವರು ಅವರೊಬ್ಬರೇ. ಮಾತು ಕಲಿಯಬೇಕಾದ ಮಗುವಿಗೆ ಮನೆಯಲ್ಲಿ ಇದ್ದ ಮಾತೂ ನಿಂತುಹೋಯಿತು. ಒಂದಕ್ಕಿಂತ ಹೆಚ್ಚು ಭಾಷೆ ಕೇಳುವುದರಿಂದ ಮಾತು ತಡವಾಗುವುದಿಲ್ಲ ಎಂಬುದು ಈಗ ಈ ವಿಷಯದ ತಜ್ಞರು ಒಪ್ಪಿದ ಮಾತು. ಅದನ್ನು ಇನ್ನೊಬ್ಬ ತಜ್ಞೆಯ ಬಾಯಿಂದ ಕೇಳಿದ ಮೇಲೆಯೇ ಅಜ್ಜಿ ಮತ್ತೆ ಮಾತು ಶುರು ಮಾಡಿದ್ದು.

ನಾಲ್ಕು ಕಾರ್ಡು ಮಾಡಿದ ಮೇಲೆ ನನಗೆ ಇನ್ನೊಂದು ಸಂಗತಿ ಕಂಡಿತು. ಕನ್ನಡದಲ್ಲಿ ಬೇಡ, ಸಾಕು, ಇಲ್ಲ, ಅಲ್ಲ. ಹವ್ಯಕದಲ್ಲಿ ಬೇಡ, ಸಾಕು, ಇಲ್ಲೆ, ಅಲ್ಲ. ತುಳುವಿನಲ್ಲಿ ಬೊಡ್ಚಿ, ಯಾವು, ಇಜ್ಜಿ, ಅತ್ತ್. ಮಲಯಾಳದಲ್ಲಿ ವೇಂಡ, ಮದಿ, ಇಲ್ಲ, ಅಲ್ಲ. ನಾಲ್ಕು ಭಾಷೆಗೂ ನಾಲ್ಕೇ ಕಾರ್ಡು ಸರಿಯಾಗಿ ಕೂತವು. 'ನನಗೆ ಬೇಕು' ಎಂಬುದೂ ಹಾಗೆಯೇ, ಎನಗೆ ಬೇಕು, ಎಂಕ್ ಬೋಡು, ಎನಿಕ್ಕ್ ವೇಣಂ. ಎಲ್ಲದರಲ್ಲೂ ಬಯಸುವವನು 'ಗೆ' ಹಚ್ಚಿಕೊಂಡೇ ಬರ್ತಾನೆ, ಬೇಕು ಕೊನೆಗೇ ಬರ್ತದೆ. ಚಿಕಿತ್ಸೆಯ ಮಲಯಾಳಿ ಟೀಚರಿಗೆ ಹೊಸ ಕಾರ್ಡುಗಳನ್ನು ತೋರಿಸಿದಾಗ ಅವರಿಗೆ ವಿವರಿಸುವ ಅಗತ್ಯವೇ ಬೀಳಲಿಲ್ಲ. 'ಇದು ನಾವು ಮೊದಲೇ ಮಾಡಬೇಕಿತ್ತು' ಅಂದರು. ಈಗ ಕಾರ್ಡಿನ ಅಡಿಯಲ್ಲಿ ಎರಡೂ ಲಿಪಿ ಉಂಟು.

ಭಾಷೆಗಳ ಜಗಳವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಆಫೀಸಿನ ಬೋರ್ಡಿನ ಹೋರಾಟ ಬೇರೆ, ಅದು ಹಕ್ಕಿನದ್ದು. ಆದರೆ ಈ ಚಿಕ್ಕ ಬೋರ್ಡಿನಲ್ಲಿ ನಮಗೆ ಅಡ್ಡ ಬಂದದ್ದು ಮಲಯಾಳ ಅಲ್ಲ, ಇಂಗ್ಲಿಷಿನ ವಾಕ್ಯವನ್ನೇ ಎಲ್ಲ ಭಾಷೆಗಳ ವಾಕ್ಯ ಅಂತ ತಿಳಿದುಕೊಂಡದ್ದು.

ಇಲ್ಲಿ ಚಾರ್ಲ್ಸ್ ಬ್ಲಿಸ್ ಎಂಬವರ ನೆನಪಾಗ್ತದೆ. 1897ರಲ್ಲಿ ಚೆರ್ನೋವಿಟ್ಸ್ ಎಂಬ ಊರಲ್ಲಿ ಹುಟ್ಟಿದವರು. ಈಗ ಅದು ಉಕ್ರೇನಿನಲ್ಲಿದೆ. ನಮ್ಮ ಕಾಸರಗೋಡಿನ ಹಾಗೆ ಹಲವು ಭಾಷೆಗಳ ಊರು. ಭಾಷೆಗಳಿಂದಲೇ ದ್ವೇಷ ಅಂತ ಕಂಡ ಅವರು, ನಾಜಿಗಳ ಶಿಬಿರದಿಂದ ಪಾರಾಗಿ ಶಾಂಘೈಗೆ ಹೋದಾಗ ಚೀನೀ ಬರಹ ನೋಡಿ, ಯಾವ ಭಾಷೆಗೂ ಸೇರದ ಚಿತ್ರಲಿಪಿ ಕಟ್ಟಲು ಹೊರಟರು. 1949ರಲ್ಲಿ ಅದನ್ನು ಪ್ರಕಟಿಸಿದರು. ಜಗತ್ತು ತೆಗೆದುಕೊಳ್ಳಲಿಲ್ಲ. 1971ರಲ್ಲಿ ಟೊರಾಂಟೊದ ಒಂದು ಕೇಂದ್ರದಲ್ಲಿ ಮಾತಾಡಲಾಗದ ಮಕ್ಕಳಿಗೆ ಅದು ಸಿಕ್ಕಿತು, ಅವರು ಅದರಲ್ಲಿ ಮಾತಾಡಿದರು. ಅವರ ಆಸೆ ದೊಡ್ಡದು. ಆದರೆ ಭಾಷೆಯೇ ಇಲ್ಲದ ಚಿತ್ರ ಎಂಬುದು ಇಲ್ಲ ಅಂತ ನಮ್ಮ ಇಂಟು ಗುರುತು ನನಗೆ ಕಲಿಸಿತು. ಚಿತ್ರಕ್ಕೆ ಲಿಪಿ ಇಲ್ಲದಿರಬಹುದು, ವ್ಯಾಕರಣ ಇದ್ದೇ ಇರ್ತದೆ. ಅದು ಯಾರ ವ್ಯಾಕರಣ ಅಂತ ಕೇಳಬೇಕು.

6. ಬೇಕು ಮೊದಲು, ನೋಡು ಕೊನೆಗೆ

ಕೊನೆಯ ಆಕ್ಷೇಪ ಒಂದು ಉಂಟು. ಪೆಕ್ಸ್‌ನ ಆರು ಹಂತಗಳಲ್ಲಿ ಐದು ಹಂತ ಕೇಳಿಕೊಳ್ಳುವುದಕ್ಕೇ ಹೋಗ್ತದೆ. ಕಂಡದ್ದನ್ನು ಹೇಳುವುದು ಆರನೆಯದು. ಇದಕ್ಕೆ ಕಾರಣ ಇದೆ. ಕೇಳಿದರೆ ಸಿಗ್ತದೆ, ಸಿಕ್ಕಿದರೆ ಮಗು ಮತ್ತೆ ಕೇಳ್ತದೆ. ಹಾಗೆ ಸಂವಹನದ ರುಚಿ ಹತ್ತುತ್ತದೆ. ಅದನ್ನು ಒಪ್ಪುತ್ತೇನೆ. ಆದರೆ ಸಾಹಿತ್ಯ ಓದುವವಳಾಗಿ ನನಗೆ ಅದು ಸಾಲದು. ಮಾತು ಇರುವುದು ಕೇಳಿಕೊಳ್ಳಲು ಮಾತ್ರವಾ? 'ಅಪ್ಪ ಇಲ್ಲೆ' ಎಂಬುದು ಕೋರಿಕೆ ಅಲ್ಲ, ಅದು ಸುದ್ದಿ. ನಾವೆಲ್ಲ ಕೋರಿಕೆಯನ್ನೇ ನಿರೀಕ್ಷಿಸ್ತಾ ಕೂತದ್ದರಿಂದ ಸುದ್ದಿ ನಮಗೆ ಕೇಳಿಸಲಿಲ್ಲ.

ಹಾಗಾಗಿ ಕಣ್ಣಿನ ಚಿತ್ರ ಬರೆದು 'ನೋಡು' ಅಂತ ಒಂದು ಕಾರ್ಡನ್ನು ಬೇಗನೇ ಸೇರಿಸಿದೆವು. ಮಾರ್ಚ್ ಕೊನೆಯಲ್ಲಿ ಒಂದು ಮಧ್ಯಾಹ್ನ, ಅಂಗಳ ತುಂಬ ಅಡಕೆ ಒಣಗಲು ಹಾಕಿತ್ತು. ಮಾಣಿ 'ನೋಡು' ಮತ್ತು 'ಮಳೆ' ಎರಡು ಕಾರ್ಡು ತಂದು ಅಜ್ಜಿಯ ಮಡಿಲಲ್ಲಿ ಹಾಕಿದ. ಹೊರಗೆ ಮೋಡ ಕಟ್ಟಿತ್ತು. ಅಡಕೆ ಪೂರ್ತಿ ಒಳಗೆ ಬರಲಿಲ್ಲ, ಅರ್ಧ ನೆನೆಯಿತು. ಆದರೆ ಅವನು ಹೇಳಿದ್ದು ಮನೆಯವರು ಕೇಳಿ ಓಡಿದರು. ಅವನಿಗೆ ಅದರಿಂದ ತಿನ್ನಲು ಏನೂ ಸಿಗಲಿಲ್ಲ. ಸಿಕ್ಕಿದ್ದು ತಾನು ಹೇಳಿದ್ದಕ್ಕೆ ಮನೆ ಅಲುಗಾಡಿತು ಎಂಬ ಅನುಭವ. ಮಾತು ಅಂದರೆ ಅದೇ ಅಲ್ವಾ?

ಇಷ್ಟು ನನ್ನ ಓದು. ಇದು ಒಂದು ಮಗುವಿನ, ಒಂದು ಮನೆಯ ಸಂಗತಿ. ಚಿಕಿತ್ಸೆಯ ಸಲಹೆಯಾಗಿ ಇದನ್ನು ಯಾರೂ ತೆಗೆದುಕೊಳ್ಳಬಾರದು, ತಜ್ಞರ ಹತ್ತಿರ ಹೋಗಲೇಬೇಕು. ನನ್ನ ಬೇಡಿಕೆ ಒಂದೇ. ಇಂಥ ಫಲಕ ಮಾಡುವಾಗ ಮಾತಿನ ತಜ್ಞರ ಪಕ್ಕದಲ್ಲಿ ಆ ಭಾಷೆಯನ್ನು ಓದಿದವರೊಬ್ಬರೂ, ಆ ಮನೆಯ ಅಜ್ಜಿಯೊಬ್ಬರೂ ಕೂತಿರಬೇಕು. ನಮಸ್ಕಾರ.

ಸಂವಾದ

ಪ್ರಶ್ನೆ (ಅಧ್ಯಾಪಕರು): ನಿಮ್ಮ ಪ್ರಬಂಧ ಚೆನ್ನಾಗಿದೆ. ಆದರೆ ಇದು ಸಾಹಿತ್ಯ ವಿಮರ್ಶೆ ಹೇಗೆ? ಭಾಷಾವಿಜ್ಞಾನ ಅಂತ ಹೇಳಬಹುದಿತ್ತಲ್ಲ?

ಉತ್ತರ: ಸರ್, ಭಾಷಾವಿಜ್ಞಾನದ ಸಹಾಯ ತೆಗೆದುಕೊಂಡಿದ್ದೇನೆ, ಹೌದು. ಆದರೆ ಬೇಡ, ಇಲ್ಲ ಬೇರೆಬೇರೆ ಎಂಬುದು ಭಾಷಾವಿಜ್ಞಾನಕ್ಕೆ ಹೊಸತಲ್ಲ. ಅವನು ಆ ದಿನ ಹೇಳಿದ್ದು ಯಾವುದನ್ನು ಎಂಬುದು ಓದಿನ ಪ್ರಶ್ನೆ. ನಾವು ತಪ್ಪಾಗಿ ಓದಿದೆವು, ಮತ್ತೆ ಓದಿದೆವು. ಅದನ್ನು ವಿಮರ್ಶೆ ಅಂತ ಕರೆದೆ.

ಪ್ರಶ್ನೆ (ತಾಳವಾಡಿ ಕಡೆಯ ಸಹಪಾಠಿ): ನಮ್ಮ ಕಡೆ ಆಡುಮಾತಿನ ತಮಿಳಿನಲ್ಲಿ ಅಲ್ಲ, ಇಲ್ಲ ಎರಡಕ್ಕೂ 'ಇಲ್ಲೆ' ಅಂತಲೇ ಹೇಳ್ತಾರೆ. ಆಗ ನಿಮ್ಮ ನಾಲ್ಕು ಕಾರ್ಡು ಮೂರಾಗಬೇಕಲ್ಲ?

ಉತ್ತರ: ಒಳ್ಳೆಯ ಮಾತು. ಮನೆಯಲ್ಲಿ ತಮಿಳೂ ಕನ್ನಡವೂ ಇದ್ದರೆ ಆ ಮನೆಯವರೇ ನಿರ್ಧರಿಸಬೇಕು. ನಮ್ಮ ಮಾಣಿಯ 'ಅಲ್ಲ' ಕಾರ್ಡು ಸೋತದ್ದು ಯಾಕೆ ಅಂತಲೂ ನಾನು ಮತ್ತೆ ಯೋಚಿಸಬೇಕಾಯಿತು. ಆದೋನಿ ಕಡೆಯವರು ತೆಲುಗಿನಲ್ಲಿ ವದ್ದು, ಚಾಲು, ಲೇದು, ಕಾದು ಅಂತ ನಾಲ್ಕನ್ನೂ ಬೇರೆ ಇಟ್ಟಿದ್ದಾರೆ. ಸೊಲ್ಲಾಪುರದವರಿಗೆ ಬ್ಯಾಡದ ಪಕ್ಕದಲ್ಲಿ ನಕೋ, ಸಾಕಿನ ಪಕ್ಕದಲ್ಲಿ ಪುರೇ ಉಂಟು. ಒಂದೊಂದು ಗಡಿಗೆ ಒಂದೊಂದು ಫಲಕ ಬೇಕಾದೀತು.

ಪ್ರಶ್ನೆ (ಸಹಪಾಠಿ): ಚಿತ್ರಕ್ಕೆ ಅಭ್ಯಾಸ ಆದರೆ ಮಗು ಬಾಯಲ್ಲಿ ಮಾತಾಡುವುದೇ ಇಲ್ಲ ಅಂತ ಹೇಳ್ತಾರಲ್ಲ?

ಉತ್ತರ: ನಮ್ಮ ಮನೆಯಲ್ಲೂ ಅದೇ ಹೆದರಿಕೆ ಇತ್ತು. 2006ರಲ್ಲಿ ಮಿಲ್ಲರ್, ಲೈಟ್, ಶ್ಲಾಸರ್ ಎಂಬ ಸಂಶೋಧಕರು ಅಷ್ಟರವರೆಗಿನ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದರು. ಅವರು ನಂಬಬಹುದು ಅಂತ ಆರಿಸಿಕೊಂಡ 27 ಜನರ ಪೈಕಿ ಒಬ್ಬರದೂ ಬಾಯಿಮಾತು ಕಡಿಮೆಯಾಗಿರಲಿಲ್ಲ. ಹೆಚ್ಚಿನವರದು ಸ್ವಲ್ಪವಾದರೂ ಏರಿತ್ತು. ನಮ್ಮ ಮಾಣಿಯ ಬಗ್ಗೆ ಕೇಳಿದರೆ, ಅವನು ಈಗ ಬಾಳೆಗೆ ಕೈ ಅಡ್ಡ ಹಿಡಿಯುವಾಗ 'ಆಕು' ಅಂತ ಒಂದು ಸದ್ದು ಮಾಡ್ತಾನೆ. ಅದು 'ಸಾಕು' ಅಂತ ಅಜ್ಜಿ ಹೇಳ್ತಾರೆ. ಇನ್ನೂ ಪುಸ್ತಕದಲ್ಲಿ ಬರೆದುಕೊಳ್ತಾ ಇದ್ದೇವೆ.